ಸಾಯಿಮಾಳ ಎರಡು ಅರಿವೆ

ನಮ್ಮ ಸವಣೂರಿನ ಗಾದಿ ಅಂಗಡಿಯ ಸಾಯಿಮಾಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಇತ್ತು. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವಳು ಒಪ್ಪಿಕೊಂಡು ನನಗೆ ಚಹಾ ಮಾಡಿ ಕೊಟ್ಟಿದ್ದಾಳೆ. ಚಿಕ್ಕವಳಿದ್ದಾಗ ಚಿಕ್ಕಪ್ಪನ ಮಗಳ ಕೈಗೆ ಹೊಸ ಬಳೆ ಬಂದರೆ ಇವಳಿಗೆ ಜ್ವರ ಬರುತ್ತಿತ್ತಂತೆ. ಮದುವೆಯಾಗಿ ನಮ್ಮ ಓಣಿಗೆ ಬಂದಮೇಲೆ, ಗಿರಾಕಿ ಹೆಂಗಸರ ಜೊತೆ ಗಂಡ ಹಜರತಅಲಿ ಎರಡು ಮಾತು ಹೆಚ್ಚಿಗೆ ಆಡಿದರೆ ಒಳಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಅದೆಲ್ಲ ಪುಡಿ ಹೊಟ್ಟೆಕಿಚ್ಚು, ಸಂಸಾರಕ್ಕೆ ಬೇಕಾದಷ್ಟು. ನಿಜವಾದದ್ದು ಹತ್ತಿಕೊಂಡದ್ದು ಅವಳ ಅವಳಿ ಹೆಣ್ಣುಮಕ್ಕಳು ಹುಬ್ಬಳ್ಳಿಯ ದವಾಖಾನೆಯೊಂದರ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದಾಗ. ಆಗ ಅವಳು ಉರಿದುಕೊಂಡದ್ದು ಬೇರೆ ಯಾವ ಹೆಂಗಸನ್ನು ನೋಡಿಯೂ ಅಲ್ಲ, ಕಟ್ಟಿಕೊಂಡ ಗಂಡನನ್ನು ನೋಡಿ.

ಈ ಹಜರತಅಲಿ ನದಾಫರ ಮನೆತನದವನು. ಹತ್ತಿ ಹಿಂಜಿ, ಗಾದಿ ತುಂಬಿ, ಉದ್ದ ಸೂಜಿಯಿಂದ ಟಾಕು ಹಾಕುವುದು ಅವರ ತಲೆತಲಾಂತರದ ಕಸುಬು. ಈಗ ಹಿಂಜುವುದಕ್ಕೆ ಮಶೀನು ಬಂದಿದೆ, ಟಾಕು ಮಾತ್ರ ಕೈಯಿಂದಲೇ ಬೀಳಬೇಕು. ಆಳು ದಪ್ಪ, ಎದೆಯ ತುಂಬ ಕೂದಲು, ಕೂದಲಿನ ತುಂಬ ಹತ್ತಿಯ ಎಳೆ. ಮಾತು ಕಡಿಮೆ, ನಗು ಜಾಸ್ತಿ. ಇಂಥವನ ಮೇಲೆ ಸಿಟ್ಟು ಮಾಡುವುದೇ ಕಷ್ಟ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸಾಯಿಮಾ ಮಾಡಿ ತೋರಿಸಿದಳು.

ಬಹಳ ವರ್ಷ ಕಾದಮೇಲೆ ನಿಂತ ಬಸಿರು ಅದು. ಏಳನೇ ತಿಂಗಳಲ್ಲಿ ಬಿಪಿ ಏರಿತು, ಕೈಕಾಲು ಊದಿಕೊಂಡವು, ಕಣ್ಣಿಗೆ ಕತ್ತಲೆ ಬಂತು. ಹುಬ್ಬಳ್ಳಿಗೆ ಒಯ್ದು ಹೊಟ್ಟೆ ಕೊಯ್ದು ಮಕ್ಕಳನ್ನು ತೆಗೆದರು. ಅಂಗೈಯಲ್ಲಿ ಹಿಡಿಯುವಂಥ ಎರಡು ಜೀವ. ಮೂಗಿಗೆ ನಳಿಗೆ, ಕಾಲಿಗೆ ವೈರು, ತಲೆಗೆ ಉಣ್ಣೆ ಟೊಪ್ಪಿಗೆ. ಒಬ್ಬಳು ಇನ್ನೊಬ್ಬಳಿಗಿಂತ ತುಸು ತೂಕ ಇದ್ದುದರಿಂದ ನರ್ಸುಗಳು ದೊಡ್ಡಾಕಿ, ಸಣ್ಣಾಕಿ ಎಂದು ಕರೆಯತೊಡಗಿದರು. ಸುಹಾನಾ, ತರನ್ನುಮ ಎಂಬ ಹೆಸರು ಬಂದದ್ದು ಆಮೇಲೆ, ಮನೆಗೆ ಬಂದಮೇಲೆ. ಸಾಯಿಮಾ ಅವರನ್ನು ನೋಡಿದ್ದು ಒಂದೇ ಸಲ, ಗಾಲಿಕುರ್ಚಿಯಲ್ಲಿ ಕುಳಿತು, ಗಾಜಿನ ಆಚೆಯಿಂದ. ಮುಟ್ಟಲಿಲ್ಲ. ಮಾರನೇ ದಿನವೇ ಹೊಲಿಗೆಯಲ್ಲಿ ಕೀವು ತುಂಬಿ ಜ್ವರ ಏರಿತು. ಗಾಯ ಒಣಗುವ ತನಕ ಮಕ್ಕಳ ಐಸಿಯು ಒಳಗೆ ಕಾಲಿಡಕೂಡದು ಎಂದು ಡಾಕ್ಟರು ಹೇಳಿಬಿಟ್ಟರು.

ಅವಳ ತಾಯಿ ಹಮೀದುನ್ನೀಸಾ ಇದನ್ನೇ ಕಾಯುತ್ತಿದ್ದಳು. ಜ್ವರ ಇಳಿದದ್ದೇ ತಡ, ಮಗಳನ್ನು ಎತ್ತಿ ಯಲವಿಗಿಯ ತವರಿಗೆ ತಂದು, ಹಿತ್ತಲ ಕೋಣೆಯಲ್ಲಿ ಮಲಗಿಸಿ, ನಲವತ್ತು ದಿನ ತುಂಬುವವರೆಗೆ ಹೊಸಲು ದಾಟಬಾರದು ಎಂದು ಅಪ್ಪಣೆ ಮಾಡಿದಳು. ಯಲವಿಗಿಗೆ ಸ್ಟೇಶನ್ ಇದೆ, ಹುಬ್ಬಳ್ಳಿಗೆ ರೈಲು ಇದೆ. ಹಾಗಾಗಿ ಹಜರತಅಲಿ ಅಂಗಡಿಗೆ ಬೀಗ ಹಾಕಿ ಮಾವನ ಮನೆಯಲ್ಲೇ ಉಳಿದ. ದಿನಾ ಬೆಳಿಗ್ಗೆ ಹೆಂಡತಿ ಹಿಂಡಿಕೊಟ್ಟ ಹಾಲಿನ ಬಾಟಲಿಗಳನ್ನು ಬರ್ಫದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ರೈಲು ಹತ್ತುತ್ತಿದ್ದ. ಸಂಜೆ ಮರಳುತ್ತಿದ್ದ.

“ಹಾಲು ಹೋಗ್ತೇತಿ, ನಾ ಹೋಗೂಹಂಗಿಲ್ಲ,” ಎಂದು ಸಾಯಿಮಾ ಗೋಡೆಗೆ ಮುಖ ಮಾಡಿ ಹೇಳುತ್ತಿದ್ದಳು. ಹಮೀದುನ್ನೀಸಾ ಕೇಳದವಳಂತೆ ಮಗಳ ಹಣೆಗೆ ಅರಿವೆ ಬಿಗಿಯುತ್ತಿದ್ದಳು.

ಮೊದಲ ಕೆಲವು ದಿನ ಹಜರತಅಲಿ ತರುತ್ತಿದ್ದ ಸುದ್ದಿಯೇ ಸಾಯಿಮಾಳ ಊಟ. ದೊಡ್ಡಾಕಿ ಕಣ್ಣು ಬಿಟ್ಟಳು, ಸಣ್ಣಾಕಿ ಸೀನಿದಳು. ಅಷ್ಟರಲ್ಲಿ ಒಂದು ಸಂಜೆ ಅವನು ಮೈಯೆಲ್ಲ ನಗುತ್ತ ಬಂದು ಫೋನು ಮುಂದೆ ಹಿಡಿದ. ಚಿತ್ರದಲ್ಲಿ ಅವನು ಒರಗುಕುರ್ಚಿಯ ಮೇಲೆ ಅಂಗಿ ಬಿಚ್ಚಿ ಮಲಗಿದ್ದಾನೆ. ಎದೆಯ ಮೇಲೆ ಎರಡೂ ಕೂಸು, ಕಪ್ಪೆಯ ಹಾಗೆ ಕೈಕಾಲು ಚಾಚಿ, ಅವನ ಚರ್ಮಕ್ಕೆ ಕೆನ್ನೆ ಹಚ್ಚಿ ಮಲಗಿವೆ.

“ಇದಕ್ಕ ಕಾಂಗರೂ ಅಂತಾರ,” ಎಂದ ಅವನು. “ಹಿಂಗ ಎದಿಗೆ ಹಾಕ್ಕೊಂಡ್ರ ತೂಕ ಏರ್ತದಂತ, ಉಸಿರು ಸುದ್ದ ಆಗ್ತದಂತ. ತಾಯಿ ಇದ್ರ ತಾಯಿ ಮಾಡಬೇಕು, ಇಲ್ಲಂದ್ರ ನೀವ ಮಾಡ್ರಿ ಅಣ್ಣಾರ ಅಂದ್ರು ಸವಿತಾ ಸಿಸ್ಟರ್.”

ಸಾಯಿಮಾ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಮಕ್ಕಳ ಕೆನ್ನೆ, ಮಕ್ಕಳ ಬೆರಳು, ಬೆರಳಿಗೆ ಸಿಕ್ಕಿದ ಗಂಡನ ಎದೆಗೂದಲು. ತನ್ನ ಹೊಟ್ಟೆಯಿಂದ ತೆಗೆದ ಮಕ್ಕಳು. ತಾನು ಒಂದು ಬೆರಳೂ ತಾಗಿಸದ ಮಕ್ಕಳು. ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಫೋನನ್ನು ತಿರುಗಿಸಿ ಕೌದಿಯ ಕೆಳಗೆ ತುರುಕಿದಳು.

“ಎದಿ ತೊಳಕೊಂಡಿದ್ರ್ಯೋ ಇಲ್ಲೋ? ಹತ್ತಿ ಇರ್ತೇತಿ,” ಎಂದಷ್ಟೇ ಕೇಳಿದಳು.

“ಸಾಬಾಣ ಹಚ್ಚಿ ತಿಕ್ಕೇನಿ. ಸಿಸ್ಟರ್ ಬಿಡ್ತಾರೇನು?”

ಅಲ್ಲಿಂದ ದಿನವೂ ಒಂದು ಚಿತ್ರ. ಅವನು ಪಾಪ ಅವಳಿಗೆ ಸಮಾಧಾನವಾಗಲಿ ಎಂದೇ ತರುತ್ತಿದ್ದ. ತಾನು ತರುತ್ತಿರುವುದು ಕೊಳ್ಳಿ ಎಂಬುದು ಆ ದೇವರಂಥ ಮನುಷ್ಯನಿಗೆ ಹೊಳೆಯಲೇ ಇಲ್ಲ. ಗಂಡಸರಿಗೆ ಇಂಥದ್ದು ಹೊಳೆಯುವುದು ತಡ, ಹಜರತಅಲಿಗೆ ಇನ್ನೂ ತಡ.

ಸವಿತಾ ಸಿಸ್ಟರ್ ದುಂಡಸಿಯ ಹೆಣ್ಣುಮಗಳು. ತಾಯಂದಿರ ಸಂಕಟ ಬಲ್ಲವಳು. ಒಂದು ದಿನ ಅವಳೇ ಹೇಳಿಕಳಿಸಿದಳು: ಸಾಯಿಮಾ ಎರಡು ಮೆತ್ತನೆಯ ಅರಿವೆಗಳನ್ನು ಇಡೀ ರಾತ್ರಿ ಎದೆಗೆ ಇಟ್ಟುಕೊಂಡು ಮಲಗಲಿ, ತೊಳೆಯದೆ ಹಾಗೆಯೇ ಕಳಿಸಲಿ, ಪೆಟ್ಟಿಗೆಯಲ್ಲಿ ಮಕ್ಕಳ ಮುಖದ ಬಳಿ ಇಡುತ್ತೇನೆ, ತಾಯಿಯ ವಾಸನೆ ಗುರುತಾಗುತ್ತದೆ. ಸಾಯಿಮಾ ಹಾಸಿಗೆಯಿಂದ ಎದ್ದೇ ಕುಳಿತಳು. ತನ್ನ ಹಳೆಯ ಓಢಣಿಯನ್ನು ಹರಿದು ಆರು ತುಂಡು ಮಾಡಿ, ದೊಡ್ಡಾಕಿಯದಕ್ಕೆ ಹಸಿರು ದಾರದ ಅಂಚು, ಸಣ್ಣಾಕಿಯದಕ್ಕೆ ಕೆಂಪು ದಾರದ ಅಂಚು ಹೊಲಿದಳು. ದಿನಾ ಬದಲಿಸಲು ಮೂರು ಜೋಡಿ: ಒಂದು ಎದೆಗೆ, ಒಂದು ಪೆಟ್ಟಿಗೆಗೆ, ಒಂದು ಕೈಯಲ್ಲಿ ಹೆಚ್ಚಿಗೆ. ರಾತ್ರಿಯೆಲ್ಲ ಎದೆಗೆ ಒತ್ತಿಕೊಂಡು ಮಲಗುವಳು, ಬೆಳಿಗ್ಗೆ ಹಾಲಿನ ಕಲೆ ಬಿದ್ದ ಅರಿವೆಗಳನ್ನು ಮಡಚಿ ಚೀಲದ ಪಕ್ಕದಲ್ಲಿ ಇಡುವಳು. ಗಂಡನ ಎದೆ ಹಗಲಿಗೆ, ನನ್ನ ವಾಸನೆ ಹಗಲೂ ರಾತ್ರಿ ಎಂದು ಲೆಕ್ಕ ಹಾಕಿ ಒಳಗೊಳಗೇ ಗೆದ್ದಳು.

ಗಾಯ ಒಣಗಿತು. ಡಾಕ್ಟರು ಬರಬಹುದು ಎಂದರು. ನಲವತ್ತು ದಿನಕ್ಕೆ ಇನ್ನೂ ಬಾಕಿ ಇತ್ತು. ಹಮೀದುನ್ನೀಸಾ ಹೊಸಲಿಗೆ ಅಡ್ಡ ಕುಳಿತಳು. ಬಾಣಂತಿಗೆ ಗಾಳಿ ಸೋಕುತ್ತದೆ, ಬೆನ್ನು ಹಿಡಿಯುತ್ತದೆ ಎಂದು ಕಣ್ಣೀರು ಹಾಕಿದಳು. ಸಾಯಿಮಾ ತಾಯಿಯನ್ನು ದಾಟಿಕೊಂಡೇ ಹೊರಬಿದ್ದು ಗಂಡನ ಜೊತೆ ರೈಲು ಹತ್ತಿದಳು. ದಾರಿಯುದ್ದಕ್ಕೂ ಗುಡಗೇರಿ ಬಂತೇ, ಕುಂದಗೋಳ ಬಂತೇ ಎಂದು ಕೇಳಿದಳು.

ಕೈ ತೊಳೆದು, ಗೌನು ತೊಟ್ಟು ಒಳಗೆ ಹೋದಳು. ಸವಿತಾ ಸಿಸ್ಟರ್ ಅವಳನ್ನು ಒರಗುಕುರ್ಚಿಯಲ್ಲಿ ಕೂಡಿಸಿ, ಗೌನು ಸಡಿಲಿಸಿ, ಮೊದಲು ಸಣ್ಣಾಕಿಯನ್ನು ಎದೆಯ ಮೇಲೆ ಮಲಗಿಸಿದಳು. ಕೂಸು ಮುಖ ಕಿವುಚಿತು. ಕೈ ಒದರಿತು. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಇಳಿಯತೊಡಗಿತು, ಇನ್ನೂ ಇಳಿಯಿತು, ಗಂಟೆ ಹೊಡೆಯಿತು. ಸಿಸ್ಟರ್ ಬೆನ್ನು ಸವರಿದಳು, ನಳಿಗೆ ಸರಿಮಾಡಿದಳು, ಸ್ವಲ್ಪ ಕಾದಳು. ಕೊನೆಗೆ ಕೂಸನ್ನು ಎತ್ತಿ, ಪಕ್ಕದಲ್ಲಿ ಅಂಗಿ ಬಿಚ್ಚಿ ಕುಳಿತಿದ್ದ ಹಜರತಅಲಿಯ ಎದೆಗೆ ಹಾಕಿದಳು. ಸಣ್ಣಾಕಿ ಒಂದು ಸಲ ಮುಲುಗಿ, ಅವನ ಕೂದಲಿಗೆ ಕೆನ್ನೆ ಹಚ್ಚಿ ಸುಮ್ಮನಾದಳು. ಅಂಕಿ ಮೇಲೇರಿ ನಿಂತಿತು.

“ನೋಡ, ನನ್ನ ಗುರ್ತ ಹಿಡೀತಾವ,” ಎಂದ ಹಜರತಅಲಿ, ನಗುತ್ತ.

ಈ ಮಾತನ್ನು ಅವನು ಹಲ್ಲು ಕಚ್ಚಿ ನುಂಗಬೇಕಿತ್ತು. ನುಂಗಲಿಲ್ಲ.

“ಅಂಜಬ್ಯಾಡ ತಂಗಿ, ಹೊಸಾ ಎದಿ, ಕೂಸಿಗೆ ಒಂದೀಟು ಗಾಬರಿ,” ಎಂದಳು ಸವಿತಾ ಸಿಸ್ಟರ್. “ನಾಳೆ ಮತ್ತ ಬಾ. ರೂಢಿ ಆಗ್ತದ.”

ಹೊಸಾ ಎದಿ. ಆ ಎರಡು ಪದ ಸಾಯಿಮಾಳ ಕಿವಿಯಲ್ಲಿ ಯಲವಿಗಿಯವರೆಗೂ ಬಂದವು. ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಗಂಡನ ಕಡೆ ತಿರುಗಿದಳು. “ಹಡದಾವ್ರೂ ನೀವ ಏನ್ರಿ? ಹೊಲಿಗಿ ನಿಮ್ಮ ಹೊಟ್ಟಿಮ್ಯಾಲೆ ಐತೇನು? ತೋರಸ್ರಿ, ನೋಡೂಣು.” ಅವನು ತಬ್ಬಿಬ್ಬಾಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಅವಳು ಊಟ ಬಿಟ್ಟು ಮಲಗಿದಳು. ಆದರೂ ಎದೆಗೆ ಆ ಎರಡು ಅರಿವೆ ಒತ್ತಿಕೊಳ್ಳುವುದನ್ನು ಮರೆಯಲಿಲ್ಲ. ಇಷ್ಟು ದಿನ ಕಳಿಸಿದ ಅರಿವೆ ಏನು ಮಾಡಿತು, ನನ್ನ ಮೈಯಲ್ಲಿ ಮಕ್ಕಳಿಗೆ ಹಿಡಿಸುವಂಥ ವಾಸನೆಯೇ ಇಲ್ಲವೇ ಎಂಬ ಪ್ರಶ್ನೆ ಅವಳನ್ನು ಕೊರೆಯಿತು.

ಮರುದಿನ ಅವಳು ಹೋಗಲಿಲ್ಲ. ಹೋಗಿ ಮತ್ತೆ ಗಂಡನ ಎದುರು ಸೋಲುವ ಧೈರ್ಯ ಇರಲಿಲ್ಲ. ಹಜರತಅಲಿ ಒಬ್ಬನೇ ಹೊರಟುಹೋದ. ಬಿಸಿಲು ಏರಿದಾಗ ಮೋರೆ ತೊಳೆಯಲು ಹಿತ್ತಲಿಗೆ ಬಂದ ಸಾಯಿಮಾ ಬಚ್ಚಲ ಬಳಿಯ ಬಕೀಟಿನಲ್ಲಿ ಏನೋ ನೆನೆಹಾಕಿದ್ದನ್ನು ಕಂಡಳು. ಎತ್ತಿದಳು. ಹಸಿರು ಅಂಚು. ಕೆಂಪು ಅಂಚು. ಅವಳು ಬೆಳಿಗ್ಗೆ ತಾನೇ ಮಡಚಿ ಚೀಲದ ಪಕ್ಕ ಇಟ್ಟ ಅರಿವೆಗಳು.

“ಅವ್ವಾ, ಇವು ಇಲ್ಲ್ಯಾಕ ಅದಾವ? ಹುಬ್ಬಳ್ಳಿಗೆ ಹೋಗಿದ್ದು ಯಾವು?”

ಹಮೀದುನ್ನೀಸಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು. “ನಿನ್ನೆ ತೊಳದು ಒಣಗಿಸಿದ್ದ ಜೋಡಿ ಕೊಟ್ಟೇನಿ. ದಿನಾ ಹಂಗ ಕೊಡ್ತೇನಿ. ಹಾಲಿನ ಕಲಿ ಇರೂ ಅರಿವಿ ಮನಿ ದಾಟಿಸಬಾರದವಾ. ಯಾರರ ಕೈಗೆ ಸಿಕ್ಕು, ಯಾರರ ಕಾಲಾಗ ಬಿದ್ದು, ನಿನ್ನ ಎದಿ ಬತ್ತಿದ್ರ ಏನ್ ಮಾಡ್ಲಿ? ನಮ್ಮ ಅಕ್ಕಗ ಹಂಗ ಆಗಿತ್ತು. ಹೊಲಸು ಅರಿವಿ ಡಾಕ್ಟರ ಮುಂದ ಇಡಾಕ ನಾಚಿಕಿನೂ ಆಗೂದಿಲ್ಲೇನು?”

“ಅಂದ್ರ ದಿನಾ ತೊಳದಿ?”

“ಅಂಟವಾಳದ ನೀರಾಗ, ಎರಡ ಸಲ.”

ಸಾಯಿಮಾ ಒದ್ದೆ ಅರಿವೆಗಳನ್ನು ಹಿಡಿದು ಅಲ್ಲೇ ಕುಕ್ಕರಿಸಿದಳು. ತಾಯಿ ಮಾಡಿದ್ದು ಅವಳ ಹಾಲು ಉಳಿಯಲಿ ಎಂದು. ಆ ಹಾಲು ಉಳಿದೂ ಇತ್ತು. ಬೈಯುವುದಾದರೂ ಹೇಗೆ? ಹಾಗಾದರೆ ಇಷ್ಟು ದಿನ ಮಕ್ಕಳ ಮುಖದ ಬಳಿ ಮಲಗಿದ್ದದ್ದು ಬರೀ ಬಟ್ಟೆ. ಅದರಲ್ಲಿ ತಾಯಿ ಇರಲೇ ಇಲ್ಲ.

ಸಂಜೆ ಹಜರತಅಲಿ ಬಂದ. ಚೀಲ ಇಳಿಸುವ ಮೊದಲೇ ಕೇಳಿದಳು. “ಅರಿವಿ ಎಲ್ಲಿಟಗೊಂಡು ಒಯ್ತೀರಿ?”

“ಇಲ್ಲಿ,” ಎಂದು ಅವನು ಅಂಗಿಯ ಒಳಗೆ, ಎದೆಯ ಮೇಲೆ ಕೈ ಇಟ್ಟು ತೋರಿಸಿದ. “ಚೀಲದಾಗ ಬರ್ಫ ಇರ್ತದಲ್ಲ? ಅರಿವಿ ತಣ್ಣಗಾಗ್ತಾವ. ಅಷ್ಟು ಸಣ್ಣ ಕೂಸಿಗೆ ತಣ್ಣನ್ನ ಅರಿವಿ ಹೆಂಗ ಹಾಕೂದು? ಅದಕ್ಕ ಬೆಚ್ಚಗ ಇಟಗೊಂಡು ಹೋಗ್ತೇನಿ.”

ಬೆಚ್ಚಗೆ. ಯಲವಿಗಿಯಿಂದ ಹುಬ್ಬಳ್ಳಿಯವರೆಗೆ, ದಿನವೂ, ಆ ಬೆವರುವ ಎದೆಯ ಮೇಲೆ. ಒಬ್ಬಳು ಅವಳ ವಾಸನೆಯನ್ನು ತೊಳೆದು ಕಳಿಸಿದಳು, ಇನ್ನೊಬ್ಬ ತನ್ನ ವಾಸನೆಯನ್ನು ತುಂಬಿ ಮುಟ್ಟಿಸಿದ. ಇಬ್ಬರೂ ಪ್ರೀತಿಯಿಂದಲೇ ಮಾಡಿದ್ದು. ಜಗಳ ಮಾಡಲು ಒಬ್ಬ ಸರಿಯಾದ ಕಳ್ಳನಾದರೂ ಸಿಗಬಾರದೇ ಎಂದು ಸಾಯಿಮಾ ಅತ್ತುಬಿಟ್ಟಳು. ಹಜರತಅಲಿಗೆ ವಿಷಯ ತಿಳಿದಾಗ ಅವನ ಮುಖ ಸಣ್ಣದಾಯಿತು. “ನನಗ ಗೊತ್ತಿರಲಿಲ್ಲ ಸಾಯಿಮಾ,” ಎಂದ. ಅವಳು ಮೂಗು ಒರೆಸಿಕೊಂಡು ಹೇಳಿದಳು. “ಸ್ನಾನಾ ಮಾಡ್ರಿ. ತೊಳದಿದ್ದ ಬನಿಯನ್ ಹಾಕ್ಕೊಂಡು ಮಲಗ್ರಿ. ಮುಂಜಾನೆ ಅದನ್ನ ಬಿಚ್ಚಿ ನನಗ ಕೊಡ್ರಿ.”

“ಯಾಕ?”

“ಕೊಡ್ರಿ ಅಂದ್ನಿ. ಮತ್ತ ನಾಳಿಂದ ನೀವು ಬರೂದು ಬ್ಯಾಡ. ಸವಣೂರಿಗೆ ಹೋಗಿ ಅಂಗಡಿ ತಗೀರಿ. ನಾ ಹೋಗ್ತೇನಿ.”

ಮರುದಿನ ತಾಯಿಯನ್ನೇ ಜೊತೆಗೆ ಕರೆದುಕೊಂಡು ಹೋದಳು. ಹಮೀದುನ್ನೀಸಾ ಮುಖ ಊದಿಸಿಕೊಂಡು ಐಸಿಯು ಬಾಗಿಲಾಚೆಯ ಬೆಂಚಿನಲ್ಲಿ ಕುಳಿತಳು. ಒಳಗೆ ಸಾಯಿಮಾ ಗಂಡನ ಬನಿಯನ್ ತೆಗೆದು ಸಿಸ್ಟರ್ ಮುಂದೆ ಹಿಡಿದು, ನಡೆದದ್ದನ್ನೆಲ್ಲ ಹೇಳಿದಳು. ಸವಿತಾ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬನಿಯನ್ ತಿರುಗಿಸಿ ಮುರುಗಿಸಿ ನೋಡಿದಳು.

“ಅಣ್ಣಾರು ಬರೀ ಎದೀಲೆ ಮಕ್ಕಳನ್ನ ಹಾಕ್ಕೊಂಡಾರ, ಅವರ ಬನಿಯನ್ನಿಗೆ ಬ್ಯಾಡ ಅನ್ನಾಕ ಹೆಂಗ ಬರ್ತದ?” ಎಂದು ಕತ್ತರಿಯಿಂದ ಅದನ್ನು ಎರಡು ತುಂಡು ಮಾಡಿದಳು.

ಒಂದು ತುಂಡನ್ನು ಸಾಯಿಮಾಳ ಎದೆಯ ಮೇಲ್ಭಾಗದಲ್ಲಿ ಹಾಸಿ, ಸಣ್ಣಾಕಿಯ ಕೆನ್ನೆ ಅದರ ಮೇಲೆ ಬರುವಂತೆ, ಉಳಿದ ಮೈಯೆಲ್ಲ ತಾಯಿಯ ಚರ್ಮಕ್ಕೆ ತಾಗುವಂತೆ ಮಲಗಿಸಿದಳು. ಅಂಕಿ ಹೊಯ್ದಾಡಿತು. ಇಳಿಯಿತು. ಏರಿತು. ನಿಂತಿತು. ಕೂಸು ಕೈ ಬಿಚ್ಚಿ ಅವಳ ಎದೆಯ ಮೇಲೆ ಚಾಚಿ ನಿದ್ದೆಹೋಯಿತು.

ತಾಯಿಯ ಕಣ್ಣಲ್ಲಿ ಆನಂದಬಾಷ್ಪ ಬಂತು ಎಂದು ನಾನು ಬರೆಯಬಹುದು, ನೀವು ನಂಬಬಹುದು. ಆದರೆ ಸಾಯಿಮಾ ನನಗೆ ಹೇಳಿದ್ದು ಬೇರೆ. ಅವಮಾನವಾಯಿತಂತೆ. ಗಂಡನ ಬೆವರಿನ ಹೆಸರು ಹೇಳಿಕೊಂಡು ಸ್ವಂತ ಮಗಳ ಬಳಿ ಬರಲು ಅಪ್ಪಣೆ ಪಡೆದ ಹಾಗಾಯಿತಂತೆ. ಕೂಸು ಬೆಚ್ಚಗೆ ಉಸಿರಾಡುತ್ತಿದ್ದರೆ ಅವಳು ಆ ಬನಿಯನ್ ತುಂಡನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಆದರೂ ಬಿಡಲಿಲ್ಲ. ದಿನವೂ ಹೋದಳು. ಕೆನ್ನೆಯಡಿ ಸಣ್ಣದಾಗುತ್ತ ಹೋಗಲಿ ಎಂದು ಬನಿಯನ್ ತುಂಡನ್ನು ಮೊದಲು ಎರಡು ಮಡಿಕೆ ಮಾಡಿದಳು, ಆಮೇಲೆ ನಾಲ್ಕು. ರಾತ್ರಿ ಎದೆಗಿಟ್ಟುಕೊಂಡ ಅರಿವೆಗಳನ್ನು ತಾಯಿಯ ಕೈಗೆ ಕೊಡದೆ, ರವಿಕೆಯೊಳಗೇ ಇಟ್ಟುಕೊಂಡು ಒಯ್ದು ತಾನೇ ಪೆಟ್ಟಿಗೆಯಲ್ಲಿ ಇಟ್ಟಳು. ಸಂಜೆ ಸವಣೂರಿನಿಂದ ಹಜರತಅಲಿ ಫೋನು ಮಾಡಿ, “ಏನಂತಾರ ಹುಡುಗೀರು?” ಎಂದರೆ, “ಆರಾಮ ಅದಾರ,” ಎಂದಷ್ಟೇ ಹೇಳಿ ಇಡುತ್ತಿದ್ದಳು. ಚಿತ್ರ ಕೇಳಿದರೆ ಫೋನಿನಲ್ಲಿ ಚಾರ್ಜು ಇಲ್ಲ ಎನ್ನುತ್ತಿದ್ದಳು. ಚಾರ್ಜು ಇರುತ್ತಿತ್ತು.

ಒಂದು ದಿನ ಬನಿಯನ್ ತುಂಡು ಕೈತಪ್ಪಿ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಕೂಸಿನ ಬಳಿ ಬರುವಂತಿಲ್ಲ. ಸಾಯಿಮಾ ಮಾನಿಟರಿನ ಮೇಲೆ ಕಣ್ಣು ನೆಟ್ಟು ಕುಳಿತಳು. ಅಂಕಿ ಅಲುಗಲಿಲ್ಲ. ಸಣ್ಣಾಕಿ ಕೆನ್ನೆಯನ್ನು ಬರೀ ಚರ್ಮದ ಮೇಲೆ ಉಜ್ಜಿದಳು, ತಲೆ ಹೊರಳಿಸಿದಳು, ಬಾಯಿ ತೆರೆದು ಹುಡುಕತೊಡಗಿದಳು. ಸವಿತಾ ಸಿಸ್ಟರ್ ಓಡಿಬಂದು ತಲೆ ಹಿಡಿದು ದಾರಿ ತೋರಿಸಿದಳು. ಬಾಯಿ ಹತ್ತಿತು, ಬಿಟ್ಟಿತು, ಮತ್ತೆ ಹತ್ತಿತು. ಎರಡು ಗುಟುಕು, ಅಷ್ಟೇ. ಸಾಯಿಮಾಳ ಮನಸ್ಸಿಗೆ ಮೊದಲು ಬಂದದ್ದು ಅಲ್ಲಾಹನ ಹೆಸರಲ್ಲ. “ಇದು ಅವರ ಕೈಲೆ ಆಗೂದಿಲ್ಲ” ಎಂಬ ಮಾತು.

ಶುಕ್ರವಾರ ಅಂಗಡಿಗೆ ರಜೆ. ನಮಾಜು ಮುಗಿಸಿದ ಹಜರತಅಲಿ ತಡೆಯಲಾರದೆ ನೇರವಾಗಿ ದವಾಖಾನೆಗೇ ಬಂದ. ಸೋಪು ಹಚ್ಚಿ ಮೈ ತಿಕ್ಕಿಕೊಂಡು, ಅಂಗಿ ಬಿಚ್ಚಿ, ಹಳೆಯ ಒರಗುಕುರ್ಚಿಯಲ್ಲಿ ಮದುಮಗನ ಹಾಗೆ ಕುಳಿತ. ಸಿಸ್ಟರ್ ದೊಡ್ಡಾಕಿಯನ್ನು ಹಾಕಿದಳು. ದೊಡ್ಡಾಕಿ ಮುಲುಗಿದಳು. ಸಣ್ಣಾಕಿಯನ್ನು ಹಾಕಿದಳು. ಸಣ್ಣಾಕಿ ಎದೆಯಿಂದ ಮುಖ ತಿರುಗಿಸಿ, ಬಾಯಿ ತೆರೆದು ಹುಡುಕಿ, ಸಿಗದೆ ಕಿರುಚಿದಳು. ಮಾನಿಟರಿನ ಗಂಟೆ ಹೊಡೆಯಿತು. ಸಾಯಿಮಾ ಕೈ ಚಾಚಿ ತೆಗೆದುಕೊಂಡಳು. ಕೂಸು ಸುಮ್ಮನಾಯಿತು.

ಹಜರತಅಲಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಅಂಗಿ ತೊಟ್ಟು ಗುಂಡಿ ಹಾಕುವಾಗ ಮೇಲಿನ ಗುಂಡಿಯನ್ನು ಕೆಳಗಿನ ಕಾಜಿಗೆ ಹಾಕಿದ. ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತ.

“ನನ್ನ ಮರತ್ವು,” ಎಂದ ಗುಡಗೇರಿ ದಾಟಿದಮೇಲೆ.

ಸಾಯಿಮಾಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಖುಷಿಯಾಯಿತು. ಆಮೇಲೆ ಅವನ ಮುಖ ನೋಡಿದಳು. ಕೆಳತುಟಿಯನ್ನು ಒಳಗೆಳೆದು ಕಚ್ಚಿಕೊಂಡಿದ್ದ ಆ ಮುಖ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಹಿತ್ತಲ ಕೋಣೆಯ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳು. ಇದು ಬೇರೆ ಯಾರಿಗೂ ಬರಬಾರದಂಥ ಉರಿ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಆದರೂ ಖುಷಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸವಣೂರಿನ ಬಸ್ಸಿಗೆ ಹೊರಟು ನಿಂತಿದ್ದ. ಸಾಯಿಮಾ ಅಡ್ಡ ಬಂದಳು.

“ಎಲ್ಲಿಗೆ? ಅಂಗಡಿ ಇವತ್ತೊಂದಿನ ಮುಚ್ಚಿರಲಿ. ಹುಬ್ಬಳ್ಳಿಗೆ ಬರ್ರಿ.”

“ಬಂದು ಏನ್ ಮಾಡ್ಲಿ? ಅಳಿಸಾಕ?”

ಅವಳು ತಾಯಿಯ ಎದುರಿಗೇ ರವಿಕೆಯೊಳಗೆ ಕೈ ಹಾಕಿ ಒಂದು ಅರಿವೆ ತೆಗೆದಳು. ಹಾಲಿನ ಕಲೆ ಬಿದ್ದು ಬಿರುಸಾಗಿದ್ದ, ತೊಳೆಯದ ಅರಿವೆ. ಹಮೀದುನ್ನೀಸಾ ಬಾಯಿ ತೆರೆದವಳು ಮಗಳ ಕಣ್ಣು ನೋಡಿ ಮುಚ್ಚಿಕೊಂಡಳು. ಸಾಯಿಮಾ ಗಂಡನ ಅಂಗಿಯ ಎರಡು ಗುಂಡಿ ಬಿಚ್ಚಿ, ಅರಿವೆಯನ್ನು ಅವನ ಎದೆಯ ಮೇಲೆ ಹಾಸಿ, ಗುಂಡಿ ಹಾಕಿದಳು.

“ಹುಬ್ಬಳ್ಳಿ ಬರೂತನ ತಗೀಬ್ಯಾಡ್ರಿ. ಹಾಲಿನ ವಾಸನಿ ಹತ್ತಲಿ. ಆಮ್ಯಾಲೆ ನೋಡ್ರಿ, ಅಳೂದಿಲ್ಲ.”

ಹಜರತಅಲಿ ಅಂಗಿಯ ಕೊರಳಲ್ಲಿ ಇಣುಕಿ ನೋಡಿದ. ಹಸಿರು ದಾರದ ಅಂಚು ಕಂಡಿತು. ಅವನ ಮುಖ ಅರಳಿತು. ಇನ್ನೊಂದಕ್ಕೆ ಕೈ ಚಾಚಿ ನಿಂತ.

“ಸಣ್ಣಾಕೀದು?”

ಸಾಯಿಮಾ ಓಢಣಿಯನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡು ಹಾಲಿನ ಚೀಲ ಎತ್ತಿದಳು.

“ಅದನ್ನ ಕೇಳಬ್ಯಾಡ್ರಿ,” ಎಂದಳು. “ನಡೀರಿ, ರೈಲು ತಪ್ತೇತಿ.”